ಹುಳ ಸತ್ತಿತು, ಮೀನೂ ಸತ್ತಿತು

"ಒಂದು ಬಾಟ್ಲಿ ಸುರೀರಿ ಸಾರ್, ರಾತ್ರೋರಾತ್ರಿ ಕ್ಲೀನ್!"

ಅಕ್ವೇರಿಯಂ ಅಂಗಡಿಯವನು ಹೀಗಂದ, ನಾನು ನಂಬಿದೆ. ಬ್ಯಾಕಪ್ ಇಲ್ಲದೆ ಸರ್ವರ್ ಮೇಲೆ ಒಂದು ಕಮಾಂಡ್ ಕೂಡ ಹೊಡೆಯದ ಮನುಷ್ಯ ನಾನು. ಆದರೆ ಹಾಲ್‌ನಲ್ಲಿರೋ 250 ಲೀಟರ್ ಉಪ್ಪುನೀರಿನ ತೊಟ್ಟಿಗೆ ಏನೂ ಯೋಚಿಸದೆ ಸುರಿದುಬಿಟ್ಟೆ. ಗಂಟೆಯೊಳಗೆ ಹುಳಗಳು ಸುರುಟಿಕೊಂಡು ಉದುರಿದವು. ಹೆಂಡತಿಯನ್ನು ಕರೆದು ತೋರಿಸಿ ಹೆಮ್ಮೆಪಟ್ಟೆ. ಸಂಜೆ ಹೊತ್ತಿಗೆ ಕ್ಲೌನ್ ಮೀನುಗಳೆರಡೂ ಪಕ್ಕಕ್ಕೆ ವಾಲಿ ಏದುಸಿರು ಬಿಡ್ತಿದ್ದವು. ಬೆಳಗ್ಗೆ ಎರಡೂ ಇರಲಿಲ್ಲ.

ಇವು ತುಕ್ಕಿನ ಬಣ್ಣದ ಹುಳ. ಎಳ್ಳಿಗಿಂತ ತುಸು ದೊಡ್ಡವು, ಬಾಲದ ಕಡೆ ಮೂರು ಕವಲು. ನಮ್ಮ ಹವ್ಯಾಸದೋರು ಇವನ್ನ ಫ್ಲಾಟ್‌ವರ್ಮ್ ಅಂತಲೇ ಕರೀತಾರೆ, ಜೀವವಿಜ್ಞಾನಿಗಳು ಈಗ ಆ ಗುಂಪಿನಿಂದ ಹೊರಗಿಟ್ಟಿದ್ದರೂ. ಮೈಯೊಳಗೇ ಪಾಚಿ ಸಾಕಿಕೊಂಡಿರೋದರಿಂದ ಬೆಳಕು ಬೀಳೋ ಜಾಗದಲ್ಲೇ ಗುಂಪು ಸೇರ್ತವೆ. ಹವಳದ ಮೇಲೆ ಕಂಬಳಿ ಹೊದಿಸಿದ ಹಾಗೆ ಹರಡಿ ಅದಕ್ಕೆ ಬೆಳಕೇ ಇಲ್ಲದಂತೆ ಮಾಡ್ತವೆ. ಗಂಡು ಹೆಣ್ಣು ಕೂಡಬೇಕು ಅಂತೇನೂ ಇಲ್ಲ, ಹಿಂಭಾಗದಲ್ಲಿ ಮೊಗ್ಗೊಡೆದು ಮರಿ ಉದುರ್ತದೆ. ಇವತ್ತು ಐದು ಕಂಡರೆ ಮುಂದಿನ ತಿಂಗಳು ಎಣಿಸೋಕಾಗಲ್ಲ.

ಅಂಗಡಿಯವನು ಹೇಳದೇ ಬಿಟ್ಟ ವಿಷಯ ಒಂದಿದೆ. ಈ ಹುಳದ ಮೈಯಲ್ಲೇ ವಿಷ ಇರ್ತದೆ. ಬದುಕಿರೋವಾಗ ಅದರ ಪಾಡಿಗೆ ಅದು. ಸಾವಿರಾರು ಒಟ್ಟಿಗೆ ಸತ್ತರೆ ಅಷ್ಟೂ ವಿಷ ಒಂದೇ ಸಲ ನೀರಿಗೆ ಬಿಡುಗಡೆ ಆಗ್ತದೆ. ನನ್ನ ಮೀನು ಕೊಂದಿದ್ದು ಔಷಧಿ ಅಲ್ಲ, ಔಷಧಿ ಕೊಂದ ಹುಳಗಳು. ಅವನ್ನ ಅಲ್ಲೇ ಕೊಳೆಯೋಕೆ ಬಿಟ್ಟೋನು ನಾನು.

ಅಪ್ಪನಿಗೆ ಫೋನಲ್ಲಿ ಹೇಳಿದೆ. ಚಳ್ಳಕೆರೆ ಕಡೆ ಕುರಿ ಸಾಕೋ ಮನೆ ನಮ್ಮದು. "ಸತ್ತಿದ್ದನ್ನ ಯಾಕೋ ಒಳಗೇ ಬಿಟ್ಟೆ? ಬಾವೀಲಿ ಇಲಿ ಸತ್ರೆ ಮೊದ್ಲು ಇಲಿ ತೆಗೀತೀವೋ, ಬ್ಲೀಚಿಂಗ್ ಪೌಡರ್ ಹಾಕ್ತೀವೋ?" ಅಂದರು. ಊರಿಗೆ ಹೋದಾಗಲೆಲ್ಲ ಶೇಂಗಾ ಹೊಲಕ್ಕೆ ಔಷಧಿ ಹೊಡೆಯೋ ಚಿಕ್ಕಪ್ಪನಿಗೆ ಮಣ್ಣು, ನೀರು, ಎರೆಹುಳದ ಬಗ್ಗೆ ಭಾಷಣ ಬಿಗಿಯೋನು ನಾನೇ. ಆ ಚಿಕ್ಕಪ್ಪನಿಗೆ ಕನಿಷ್ಠ ಸಾಲ ಇದೆ, ಮಳೆ ಕೈಕೊಟ್ಟಿದೆ. ನನಗೇನಿತ್ತು? ಒಂದು ವೀಕೆಂಡ್ ಉಳಿಸೋ ಆಸೆ!

ಔಷಧಿ ಬೇಡವೇ ಬೇಡ ಅಂತ ನನ್ನ ವಾದ ಅಲ್ಲ. ಅದಕ್ಕೊಂದು ಸರದಿ ಇದೆ, ಅದು ಕೊನೇದು. ಮೊದಲು ಏರ್‌ಪಂಪಿನ ತೆಳು ಪೈಪಲ್ಲಿ ಹುಳ ಹೀರಿ ತೆಗೀಬೇಕು. ದಿನಾ ಹತ್ತು ಹದಿನೈದು ನಿಮಿಷ, ಎರಡು ಮೂರು ವಾರ. ಬಕೆಟ್ಟಿನ ಬಾಯಿಗೆ ಒತ್ತಾದ ಬಟ್ಟೆ ಕಟ್ಟಿದರೆ ಹುಳ ಅಲ್ಲೇ ನಿಲ್ತದೆ, ನೀರು ತೊಟ್ಟಿಗೆ ವಾಪಸ್. ಬೋರಿಂಗ್ ಕೆಲಸ, ಒಪ್ತೀನಿ. ಕಣ್ಣಿಗೆ ಕಾಣೋದು ಬೆರಳೆಣಿಕೆಗೆ ಇಳಿದ ಮೇಲೆ ಔಷಧಿ. ಅದಕ್ಕೂ ಮುಂಚೆಯೇ ಹೊಸ ಉಪ್ಪುನೀರು ಕಲಸಿಟ್ಟಿರಬೇಕು, ಆಕ್ಟಿವೇಟೆಡ್ ಕಾರ್ಬನ್ ಕೈಯಳತೆಯಲ್ಲಿರಬೇಕು. ಹುಳ ಉದುರ್ತಿದ್ದ ಹಾಗೇ ಹೀರಿ ತೆಗೆದು, ನೀರು ಬದಲಿಸಿ, ಕಾರ್ಬನ್ ಹಾಕಬೇಕು. ತಪ್ಪಿಸಿಕೊಂಡ ಹುಳಕ್ಕೆ ವಾರದ ನಂತರ ಇನ್ನೊಂದು ಸುತ್ತು.

ಇನ್ನು "ಔಷಧಿ ಯಾಕೆ, ಹುಳ ತಿನ್ನೋ ಜೀವಿ ಬಿಡಿ, ನ್ಯಾಚುರಲ್" ಅನ್ನೋ ಜಾಣರು. ಸಿಕ್ಸ್‌ಲೈನ್ ರ್‍ಯಾಸ್ ಅನ್ನೋ ಮೀನು ತಿಂದರೆ ತಿಂತು, ಇಲ್ಲಾಂದ್ರೆ ನೀವು ಹಾಕೋ ಊಟಕ್ಕೆ ಕಾಯ್ತಾ ಕೂರ್ತದೆ. ಆದರೆ ಮೈಮೇಲೆ ನೀಲಿ ಗೆರೆ ಇರೋ ಒಂದು ಕಡಲ ಬಸವನಹುಳ ಮಾರ್ತಾರಲ್ಲ, ಅದರ ಕತೆ ಕೇಳಿ. ಅದಕ್ಕೆ ಈ ಜಾತಿ ಹುಳ ಬಿಟ್ಟು ಬೇರೆ ಆಹಾರ ಇಲ್ಲ. ನಿಮ್ಮ ತೊಟ್ಟಿ ಸ್ವಚ್ಛ ಆದ ದಿನ ಅದರ ಉಪವಾಸ ಶುರು. ಕೆಲಸ ಮುಗಿಸಿ ಸಾಯಲಿ ಅಂತ ಒಂದು ಜೀವ ತರಿಸೋದು ಯಾವ ಸೀಮೆ ನ್ಯಾಚುರಲ್ ಸ್ವಾಮಿ?

ನನ್ನ ನಿಜವಾದ ಸಿಟ್ಟು ಬಾಟ್ಲಿ ಮೇಲೂ ಅಲ್ಲ. ಹುಳ ನನ್ನ ತೊಟ್ಟಿಗೆ ಗಾಳೀಲಿ ಹಾರಿ ಬರಲಿಲ್ಲ. ಅದೇ ಅಂಗಡಿಯ ಮಶ್ರೂಮ್ ಹವಳದ ಕಲ್ಲಿಗೆ ಅಂಟಿಕೊಂಡೇ ಬಂತು. ಸಂತೆಯಿಂದ ತಂದ ಕುರೀನ ಅಪ್ಪ ಅವತ್ತೇ ಹಟ್ಟಿಗೆ ಬಿಟ್ಟಿದ್ದನ್ನ ನಾನು ನೋಡಿಲ್ಲ. ಎರಡು ಮೂರು ವಾರ ಬೇರೆ ಕಟ್ಟಿ, ಜಂತುಹುಳದ ಔಷಧಿ ಕುಡಿಸಿ, ಹಿಕ್ಕೆ ನೋಡಿ ಆಮೇಲೆ ಮಂದೆಗೆ. ಹೊರದೇಶಗಳಲ್ಲಿ ಈ ತುಕ್ಕುಹುಳಕ್ಕೆ ಹವ್ಯಾಸಿಗಳು ಬಳಸೋ ಲೆವಮಿಸೋಲ್ ಕೂಡ ಮೂಲದಲ್ಲಿ ಕುರಿ ದನಕ್ಕೆ ಕುಡಿಸೋ ಔಷಧಿಯೇ. ಓದು ಬರಹ ಇಲ್ಲದ ಕುರಿಗಾಹಿ ಮಾಡೋದನ್ನ ಸಾವಿರಗಟ್ಟಲೆ ಬಿಲ್ ಮಾಡೋ ಅಂಗಡಿ ಮಾಡಲ್ಲ, ಲಕ್ಷಗಟ್ಟಲೆ ಸಂಬಳದ ನಾವು ಕೇಳಲ್ಲ. ಹೊಸ ಹವಳವನ್ನ ಬೇರೆ ಬಕೆಟ್ಟಿನಲ್ಲಿ ಔಷಧಿನೀರಲ್ಲಿ ಅದ್ದಿ, ಕೆಲವು ವಾರ ಚಿಕ್ಕ ತೊಟ್ಟಿಯಲ್ಲಿ ಪ್ರತ್ಯೇಕ ಇಡಲೇಬೇಕು. ಅದ್ದಿದ್ದೊಂದೇ ಸಾಲದು. ಅಕ್ರೊಪೊರಾ ಹವಳ ತಿನ್ನೋ ಇನ್ನೊಂದು ಜಾತಿ ಫ್ಲಾಟ್‌ವರ್ಮ್ ಇದೆ, ಅದರ ಮೊಟ್ಟೆ ಅದ್ದಿದರೂ ಸಾಯಲ್ಲ.

ಮೊನ್ನೆ ಅದೇ ಅಂಗಡಿಗೆ ಹೋಗಿದ್ದೆ. ಮಾರಾಟಕ್ಕಿಟ್ಟ ತೊಟ್ಟಿಯ ಗಾಜಿನ ಮೂಲೆಯಲ್ಲಿ ಅದೇ ತುಕ್ಕಿನ ಚುಕ್ಕೆಗಳು. ಬೆರಳಿಟ್ಟು ತೋರಿಸಿದೆ. ಆತ ಬಗ್ಗಿ ನೋಡಿ, ನಕ್ಕು, ಹಿಂದಿನ ಶೆಲ್ಫಿಗೆ ಕೈ ಹಾಕಿದ.

"ಬಾಟ್ಲಿ ಚಿಕ್ಕದು ಕೊಡ್ಲಾ, ದೊಡ್ಡದಾ ಸಾರ್?"