'ಸಾಲ್ವ್ ಮಾಡಿ' ಅಂದ್ರೆ ಸಾಕಾ?

ಡಿಫರೆನ್ಷಿಯಲ್ ಈಕ್ವೇಶನ್ ಕ್ಲಾಸ್ ಮುಗಿದ ಮೇಲೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಇದೆಲ್ಲಾ ಎಲ್ಲಿ ಉಪಯೋಗಕ್ಕೆ ಬರುತ್ತೆ ಗುರು?" ಪ್ರಶ್ನೆ ತಪ್ಪಲ್ಲ. ಅದಕ್ಕೆ ಉತ್ತರ ಸಿಗದ ಹಾಗೆ ನಮಗೆ ಪಾಠ ಆಗ್ತಿದೆ ಅನ್ನೋದೇ ನನ್ನ ತಕರಾರು.

ಒಂದು ಉದಾಹರಣೆ ತಗೊಳ್ಳಿ. ಎಚ್‌ಐವಿ ಸೋಂಕಿಗೆ ಚಿಕಿತ್ಸೆ ಸಿಗದಿದ್ದರೆ ಅದು ಏಡ್ಸ್ ಹಂತ ಮುಟ್ಟಲು ಸಾಮಾನ್ಯವಾಗಿ ಸುಮಾರು 10 ವರ್ಷ ಬೇಕು. ಆ ನಡುವೆ ರಕ್ತದಲ್ಲಿ ವೈರಸ್ ಸಂಖ್ಯೆ ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿ ಇರುತ್ತೆ. ಹಾಗಾದ್ರೆ ವೈರಸ್ ಸುಮ್ಮನೆ ಮಲಗಿದೆಯಾ?

ಹಾಸ್ಟೆಲ್ ಟ್ಯಾಂಕ್ ನೆನಪಿಸಿಕೊಳ್ಳಿ. ನೀರಿನ ಮಟ್ಟ ಅಲ್ಲಾಡದೆ ನಿಂತಿದ್ದರೆ ಯಾರೂ ನಲ್ಲಿ ತಿರುಗಿಸಿಲ್ಲ ಅಂತ ಇರಬಹುದು. ಮೋಟಾರ್ ತುಂಬಿಸಿದಷ್ಟೂ ಖಾಲಿ ಆಗ್ತಿದೆ ಅಂತಲೂ ಇರಬಹುದು. ಮಟ್ಟ ನೋಡಿದರೆ ತಿಳಿಯಲ್ಲ. ಮೋಟಾರ್ ಆಫ್ ಮಾಡಿ ನೋಡಬೇಕು.

1995ರಲ್ಲಿ ಡೇವಿಡ್ ಹೋ ಮತ್ತು ಜಾರ್ಜ್ ಶಾ ಅವರ ತಂಡಗಳು ಮಾಡಿದ್ದು ಇದನ್ನೇ. ಔಷಧ ಕೊಟ್ಟು ಹೊಸ ವೈರಸ್ ಹುಟ್ಟದಂತೆ ತಡೆದರು, ರಕ್ತದಲ್ಲಿನ ಸಂಖ್ಯೆ ಎಷ್ಟು ಬೇಗ ಇಳಿಯುತ್ತೆ ಅಂತ ಅಳೆದರು. ಸಮೀಕರಣ ನಮಗೆ ಗೊತ್ತಿರೋದೇ: ಬದಲಾವಣೆಯ ವೇಗ = ಹುಟ್ಟು − (ಅಳಿವಿನ ದರ × ವೈರಸ್ ಸಂಖ್ಯೆ). ಔಷಧಕ್ಕೆ ಮೊದಲು ಎಡಭಾಗ ಸೊನ್ನೆ. ಹಾಗಾಗಿ ಅಳಿವಿನ ದರ ಸಿಕ್ಕರೆ ಹುಟ್ಟೂ ಸಿಕ್ಕಿದ ಹಾಗೆ. 1996ರಲ್ಲಿ ಹೋ ಜೊತೆ ಸೇರಿ ಲಾಸ್ ಅಲಾಮೋಸ್‌ನ ಅಲನ್ ಪೆರೆಲ್ಸನ್ ಲೆಕ್ಕವನ್ನು ಇನ್ನೂ ನಿಖರಗೊಳಿಸಿದರು. ರಕ್ತದಲ್ಲಿ ವೈರಸ್‌ನ ಅರ್ಧಾಯುಷ್ಯ ಸುಮಾರು 6 ಗಂಟೆ. ಒಬ್ಬ ರೋಗಿಯಲ್ಲಿ ದಿನಕ್ಕೆ ಹುಟ್ಟುವ ವೈರಸ್ ಸರಾಸರಿ 1000 ಕೋಟಿ. ಮಲಗಿರೋದು ಎಲ್ಲಿ ಬಂತು!

ಈಗ ಮ್ಯುಟೇಶನ್ ಸೇರಿಸಿ. ನಕಲು ಆಗುವಾಗ ವೈರಸ್‌ನ ಜೀನೋಮ್‌ನಲ್ಲಿ ಒಂದು ಅಕ್ಷರ ತಪ್ಪುವ ಸಾಧ್ಯತೆ ಲಕ್ಷಕ್ಕೆ ಸುಮಾರು 3. ಒಂದು ಔಷಧದಿಂದ ಪಾರಾಗಲು ಒಂದೇ ತಪ್ಪು ಸಾಕು ಅಂದ್ರೆ, ಅಂಥ ವೈರಸ್ ದಿನಕ್ಕೆ 3 ಲಕ್ಷ ಹುಟ್ಟುತ್ತವೆ. ಮೂರು ಔಷಧಕ್ಕೆ ಮೂರು ತಪ್ಪು ಒಟ್ಟಿಗೇ ಆಗಬೇಕಾದರೆ? ಸಾಧ್ಯತೆಗಳನ್ನು ಗುಣಿಸಿ: ಸರಿಸುಮಾರು 37 ಲಕ್ಷ ಕೋಟಿಗೆ ಒಂದು. ಅಂದ್ರೆ 10 ವರ್ಷಕ್ಕೊಮ್ಮೆ. ಅಂದಾಜು ಲೆಕ್ಕವೇ ಇರಲಿ, ಒಂದೇ ಔಷಧ ಯಾಕೆ ಸೋಲುತ್ತೆ, ಮೂರನ್ನು ಯಾಕೆ ಒಟ್ಟಿಗೆ ಕೊಡಬೇಕು, ಡೋಸ್ ಯಾಕೆ ತಪ್ಪಿಸಬಾರದು ಅನ್ನೋದು ಇಷ್ಟರಲ್ಲೇ ಅರ್ಥ ಆಗುತ್ತೆ.

ಆದರೆ ಮಾಡೆಲ್ ಎಡವಿದ್ದೂ ಉಂಟು. ಔಷಧ ಪೂರ್ತಿ ಕೆಲಸ ಮಾಡಿದರೆ 2-3 ವರ್ಷದಲ್ಲಿ ಸೋಂಕನ್ನೇ ನಿರ್ಮೂಲ ಮಾಡಬಹುದು ಅಂತ 1997ರಲ್ಲಿ ಅಂದಾಜಿಸಿದ್ದರು. ಆಗಲಿಲ್ಲ. ಕೆಲವು ಜೀವಕೋಶಗಳಲ್ಲಿ ವೈರಸ್ ನಿಜವಾಗಿಯೂ ಅಡಗಿ ಕೂತಿತ್ತು. ಅವು ಅರ್ಧಕ್ಕೆ ಇಳಿಯಲು ವರ್ಷಗಳೇ ಬೇಕು. ಸಮೀಕರಣವನ್ನು ಬಿಡಿಸಿದ್ದು ಸರಿಯಾಗೇ ಇತ್ತು. ಅಷ್ಟು ನಿಧಾನವಾಗಿ ಕರಗುವ ಕೋಶಗಳು ಅದರೊಳಗೆ ಇರಲಿಲ್ಲ, ಅಷ್ಟೇ.

ನಮ್ಮ ಪರೀಕ್ಷೆಯಲ್ಲಿ ಸಮೀಕರಣ ರೆಡಿಯಾಗಿ ಬರುತ್ತೆ. ನಾವು ಬಿಡಿಸ್ತೀವಿ, ಮಾರ್ಕ್ಸ್ ತಗೋತೀವಿ. ಬಿಡಿಸೋದನ್ನು ಕಂಪ್ಯೂಟರ್ ನಮಗಿಂತ ಚೆನ್ನಾಗಿ ಮಾಡುತ್ತೆ. ಈ ಸಮೀಕರಣ ಎಲ್ಲಿಂದ ಬಂತು, ಏನನ್ನು ಅಳೆದರೆ ಇದು ಸರಿ ಅಂತ ಗೊತ್ತಾಗುತ್ತೆ, ಇದರಲ್ಲಿ ಏನು ಬಿಟ್ಟುಹೋಗಿದೆ? ಪ್ರತಿ ಪೇಪರ್‌ನಲ್ಲೂ ಇಂಥ ಒಂದು ಪ್ರಶ್ನೆ, 5 ಮಾರ್ಕ್ಸ್‌ಗಾದರೂ ಇರಲಿ. ಅಲ್ಲಿವರೆಗೆ ಕ್ಲಾಸಿನಲ್ಲಿ ಕೈ ಎತ್ತಿ ನಾವೇ ಕೇಳೋಣ.