64 ಕೆ.ಬಿ.ಯ ಸಂಸಾರ

“ಇದು ಇಂಟರ್‌ನೆಟ್ಟಿಗೆ ಆಗೋದಿಲ್ಲ ಮೇಡಂ, ಗುಜರಿಗೆ ಹಾಕಿ” ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಹಳೆಯ ಕಂಪ್ಯೂಟರಿಗೆ ಮೆಮೊರಿ ಕಡಿಮೆ, ನಿಜ. ಆದರೆ ಎಷ್ಟಿದ್ದರೆ ಸಾಕು ಎಂದು ಯಾರಾದರೂ ಕೇಳಿದ್ದಾರೆಯೇ?

1982ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಕಮೊಡೋರ್ 64 ಎಂಬ ಯಂತ್ರಕ್ಕೆ ಇದ್ದದ್ದು ಬರೀ 64 ಕೆ.ಬಿ. ಈಗಿನ ಫೋನಿನಲ್ಲಿ ತೆಗೆದ ಒಂದು ಫೋಟೋ ಕೂಡ ಅದರಲ್ಲಿ ಹಿಡಿಸದು. ಅಂಥದ್ದಕ್ಕೂ ಸ್ವೀಡನ್ನಿನ ಆಡಮ್ ಡಂಕೆಲ್ಸ್ 2003ರಲ್ಲಿ ಕಾಂಟಿಕಿ ಎಂಬ ತಂತ್ರಾಂಶ ಬರೆದು ಅಂತರಜಾಲದ ಪುಟ ತೆರೆಸಿದರು. ಹೇಗೆ? ಬಂದ ಮಾಹಿತಿಯನ್ನೆಲ್ಲ ರಾಶಿ ಹಾಕಿಕೊಳ್ಳದೆ, ಒಂದು ಪೊಟ್ಟಣ ಬಿಚ್ಚಿ, ಬಳಸಿ, ಅದೇ ಜಾಗಕ್ಕೆ ಮುಂದಿನದನ್ನು ಇಳಿಸಿಕೊಳ್ಳುವುದು. ಒಂದೇ ಒಲೆಯಲ್ಲಿ ಅನ್ನ, ಸಾರು, ಪಲ್ಯ ಮಾಡಿ ಇಳಿಸಿದ ನಮಗೆ ಇದನ್ನು ಬಿಡಿಸಿ ಹೇಳಬೇಕೆ!

ಇವತ್ತು ಆ ಯಂತ್ರ ಹೆಚ್ಚಿನ ಜಾಲತಾಣಗಳ ಮುಂದೆ ಸೋಲುತ್ತದೆ. ಕಳ್ಳರು ಓದದಂತೆ ಮಾಹಿತಿಯನ್ನು ಗೂಢಲಿಪಿಗೆ ತಿರುಗಿಸುವ ಲೆಕ್ಕ ಅದಕ್ಕೆ ಭಾರ. ನಡುವೆ ಇನ್ನೊಂದು ಸಣ್ಣ ಕಂಪ್ಯೂಟರ್ ಇಟ್ಟು ಆ ಕೆಲಸ ಮಾಡಿಸಿಕೊಳ್ಳಬಹುದು. ಬ್ಯಾಂಕಿನ ವ್ಯವಹಾರಕ್ಕೆ ಗೂಢಲಿಪಿ ಬೇಕೇ ಬೇಕು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ನಾಲ್ಕು ಸಾಲಿನ ಪರೀಕ್ಷಾ ಫಲಿತಾಂಶದ ಸುತ್ತ ಓಡಾಡುವ ಚಿತ್ರ, ಜಾಹೀರಾತು ಯಾತಕ್ಕೆ? ಆ ನಾಲ್ಕು ಸಾಲಿಗೆ ಒಂದು ಕೆ.ಬಿ.ಯೂ ಬೇಡ. ಹೊರೆ ಹೊರಿಸಿದವರು ಜಾಣರು, ಹೊರಲಾರದ್ದು ಗುಜರಿ. ಇದು ಯಾವ ನ್ಯಾಯ?

ಹಳೆಯ ಫೋನ್ ಹಿಡಿದ ತಾಯಂದಿರು “ನಮ್ಮದರಲ್ಲಿ ತೆರೆಯೋದೇ ಇಲ್ಲ ಟೀಚರ್” ಎಂದು ತಪ್ಪು ಮಾಡಿದವರಂತೆ ನಿಲ್ಲುತ್ತಾರೆ. ಹೊಸದು ಕೊಳ್ಳಿ ಎಂದು ನಾನಂತೂ ಅವರಿಗೆ ಹೇಳುವುದಿಲ್ಲ. ಪುಟವನ್ನು ಹಗುರ ಮಾಡಿ ಎಂದು ಅದನ್ನು ಮಾಡಿದವರಿಗೇ ಹೇಳುತ್ತೇನೆ.