ನವಸಾಗರದ ಹೊಗೆ, ಹಾಲುತೊಂಡೆಯ ಹುಳು

ನನ್ನ ಬಾಲ್ಯದಲ್ಲಿ ವರುಷಕ್ಕೊಮ್ಮೆ ಕಲಾಯಿಯವನು ನಮ್ಮ ಬೀದಿಗೆ ಬರುತ್ತಿದ್ದನು. ಮರದ ಕೆಳಗೆ ಗುಳಿ ತೋಡಿ, ತಿದಿಯೊತ್ತಿ, ಇದ್ದಲಿನ ಮೇಲೆ ಹಿತ್ತಾಳೆಯ ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿಯನ್ನು ಎರಚಿ ಅರಿವೆಯಿಂದ ಉಜ್ಜುವನು. ಭುಗ್ಗನೆ ಬಿಳಿಯ ಹೊಗೆಯೇಳುವುದು. ಮೂಗಿಗೆ ಘಾಟು, ಕಣ್ಣಿಗೆ ನೀರು. ಆ ಘಾಟಿನೊಳಗೆ ಅಡಗಿದ್ದ ಅಮೋನಿಯವೇ ರೈತನು ಹೊಲಕ್ಕೆ ಚೆಲ್ಲುವ ಯೂರಿಯಾದ ಮೂಲದ್ರವ್ಯವೆಂಬುದು, ವ್ಯಾಕರಣ ಛಂದಸ್ಸುಗಳಲ್ಲಿಯೇ ಆಯುಷ್ಯ ಕಳೆದ ನನಗೆ ಐವತ್ತು ದಾಟಿದ ಮೇಲೆ ವಿಜ್ಞಾನದ ಅಧ್ಯಾಪಕ ಮಿತ್ರರಿಂದ ತಿಳಿದುಬಂದಿತು.

ಪಂಡಿತನಿಗೆ ರಸಾಯನಶಾಸ್ತ್ರದ ಉಸಾಬರಿ ಏಕೆಂದು ಕೆಲವರು ಕೇಳಬಹುದು. ನಮ್ಮ ಪ್ರಸಾದನಿಲಯದ ಮಕ್ಕಳಲ್ಲಿ ಹೆಚ್ಚಿನವರು ಹಿಪ್ಪುನೇರಳೆ, ದ್ರಾಕ್ಷಿ, ಟೊಮ್ಯಾಟೊ ಬೆಳೆಯುವ ಮನೆಗಳಿಂದ ಬಂದವರು. ಆ ಮನೆಗಳ ಏಳುಬೀಳಿಗೆ ಕಾರಣವಾದ ವಿಷಯವನ್ನು ಕನ್ನಡದಲ್ಲಿ ಬರೆಯುವುದು ಕನ್ನಡ ಕಲಿಸುವವನ ಹೊರಗಿನ ಕೆಲಸವೆಂದು ನಾನು ಬಗೆದಿಲ್ಲ.

ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಇದೆ. ಆದರೆ ಅದು ಕೋಟೆಯ ಬಾಗಿಲು ಹಾಕಿಕೊಂಡು ಕುಳಿತ ದೊರೆಯಂತೆ. ಪೈರಿಗೆ ಸುಲಭವಾಗಿ ದಕ್ಕುವುದಿಲ್ಲ. ಜರ್ಮನಿಯ ಫ್ರಿಟ್ಜ್ ಹೇಬರ್ 1909ರಲ್ಲಿ ಅದನ್ನು ಜಲಜನಕದೊಡನೆ ಕೂಡಿಸಿ ಅಮೋನಿಯ ಮಾಡಿ ತೋರಿಸಿದನು. ಕಾರ್ಲ್ ಬಾಷ್ 1913ರಲ್ಲಿ ಓಪೌ ಎಂಬಲ್ಲಿ ಅದನ್ನು ಕಾರ್ಖಾನೆಯಾಗಿಸಿದನು. ಅದಕ್ಕೆ ಬೇಕಾದುದು 400 ಡಿಗ್ರಿಗೂ ಮೀರಿದ ಕಾವು, ವಾಯುಮಂಡಲದ ಒತ್ತಡದ ನೂರೈವತ್ತು ಇನ್ನೂರು ಪಟ್ಟು ಒತ್ತಡ, ಕಬ್ಬಿಣದ ಕ್ರಿಯಾವರ್ಧಕ. ಕಷ್ಟವಿರುವುದು ಜಲಜನಕದಲ್ಲಿ. ಇಂದಿಗೂ ಅದನ್ನು ಬಹುಮಟ್ಟಿಗೆ ನೈಸರ್ಗಿಕ ಅನಿಲದಿಂದಲೋ ಕಲ್ಲಿದ್ದಲಿನಿಂದಲೋ ಪಡೆಯುತ್ತಾರೆ. ನಮ್ಮ ಪಣಂಬೂರಿನ ಕಾರ್ಖಾನೆಯೂ ಬಹುಕಾಲ ನಾಫ್ತಾವನ್ನು ನೆಚ್ಚಿದ್ದು, ಕೊಚ್ಚಿಯಿಂದ ಕೊಳವೆಮಾರ್ಗ ಬಂದ ಮೇಲೆ ಅನಿಲಕ್ಕೆ ತಿರುಗಿತು. ಆ ಅನಿಲದ ಗಣನೀಯ ಭಾಗ ಹಡಗೇರಿ ಹೊರನಾಡಿನಿಂದ ಬರತಕ್ಕದ್ದು. ಎಲ್ಲಿಯೋ ಯುದ್ಧವಾದರೆ ಶಿಡ್ಲಘಟ್ಟದ ಸೊಸೈಟಿಯ ಮುಂದೆ ಸಾಲು ಬೆಳೆಯುವುದು ಇದರಿಂದಲೇ. 2025ರ ಮುಂಗಾರಿನಲ್ಲಿ ಯೂರಿಯಾ ಸಿಗದೆ ನಾಡಿನ ಹಲವೆಡೆ ರೈತರು ಪಟ್ಟ ಪಾಡನ್ನು ಯಾರೂ ಮರೆತಿರಲಾರರು.

ಈ ಪರಾಧೀನತೆಗೆ ಬಿಸಿಲಿನಿಂದಲೇ ಪರಿಹಾರ ಹುಡುಕುವ ಸಂಶೋಧನೆ ಈಗ ಹಲವು ದೇಶಗಳಲ್ಲಿ ಸಾಗಿದೆ. ಸೌರವಿದ್ಯುತ್ತಿನಿಂದ ನೀರನ್ನು ಒಡೆದು ಜಲಜನಕ ಪಡೆಯುವುದು ಒಂದು ದಾರಿ. ನಮ್ಮ ಕೇಂದ್ರ ಸರ್ಕಾರವು 2023ರಲ್ಲಿ ಅನುಮೋದಿಸಿದ ಹಸಿರು ಜಲಜನಕದ ಮಹಾಯೋಜನೆ ಹಿಡಿದುದು ಅದನ್ನೇ. ಬೆಳಕಿನಿಂದಲೇ ನೇರವಾಗಿ ನೀರನ್ನು ಒಡೆಯುವ ಯತ್ನ ಇನ್ನೊಂದು. ತಮ್ಮ ಹೆಸರಿನ ಮೊದಲಲ್ಲಿಯೇ ಚಿಂತಾಮಣಿಯನ್ನು ಹೊತ್ತ ಸಿ.ಎನ್.ಆರ್. ರಾವ್ ಅವರು ಜಕ್ಕೂರಿನಲ್ಲಿ ಈ ವಿಷಯದಲ್ಲಿ ದುಡಿದವರು. ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದವರದು ಮೂರನೆಯ ದಾರಿ. ಕನ್ನಡಿಗಳಿಂದ ಒಂದೆಡೆ ಕೂಡಿಸಿದ ಬಿಸಿಲಿನಲ್ಲಿ ಲೋಹದ ಆಕ್ಸೈಡನ್ನು ಕಾಯಿಸಿದರೆ ಅದು ತನ್ನ ಆಮ್ಲಜನಕವನ್ನು ಬಿಡುತ್ತದೆ. ಹಾಗೆ ಹಸಿದ ಆಕ್ಸೈಡು ಗಾಳಿಯ ಆಮ್ಲಜನಕವನ್ನು ಹೀರಿದಾಗ ಸಾರಜನಕ ಉಳಿಯುತ್ತದೆ. ಅದನ್ನು ಲೋಹದ ನೈಟ್ರೈಡಿನ ಮೂಲಕ ಜಲಜನಕಕ್ಕೆ ಒಪ್ಪಿಸಿ, ಕಡಿಮೆ ಒತ್ತಡದಲ್ಲಿಯೇ ಅಮೋನಿಯ ಪಡೆಯುವುದು ಅವರ ಉದ್ದೇಶ.

ವರುಷವಿಡೀ ಹರಿಯುವ ನದಿಯಿಲ್ಲದ, ಸಾವಿರ ಅಡಿ ಕೊರೆದರೂ ನೀರು ಕಾಣದ ನಮ್ಮ ಸೀಮೆಗೆ ನೀರನ್ನೊಡೆಯುವ ವಿದ್ಯೆ ಆತ್ಮಘಾತಕವೆಂದೇ ನಾನು ಮೊದಲು ವಾದಿಸಿದೆನು. ಮಿತ್ರರು ವಾದ ಬೆಳೆಸದೆ ಸೀಮೆಸುಣ್ಣ ಹಿಡಿದರು. ಒಂದು ಟನ್ ಅಮೋನಿಯಕ್ಕೆ ಒಡೆಯಬೇಕಾದ ನೀರು ಸುಮಾರು 1,600 ಲೀಟರು. ವಿದ್ಯುತ್ತು ಸುಮಾರು ಹತ್ತು ಸಾವಿರ ಯೂನಿಟ್ಟು. ಒಂದು ಮೆಗಾವಾಟಿನ ಸೌರಫಲಕಗಳು, ಅಂದರೆ ಐದಾರು ಎಕರೆ ಹರವು, ವರುಷಕ್ಕೆ ಸುಮಾರು 15 ಲಕ್ಷ ಯೂನಿಟ್ಟು ಕೊಡಬಲ್ಲವು. ಅದರಿಂದ 150 ಟನ್ ಅಮೋನಿಯ. ನೀರಾವರಿಯ ವಿ-1 ಹಿಪ್ಪುನೇರಳೆಗೆ ಹೆಕ್ಟೇರಿಗೆ ವರುಷಕ್ಕೆ 350 ಕಿಲೋ ಸಾರಜನಕವೆಂಬುದು ಶಿಫಾರಸು. ಆ ಲೆಕ್ಕದಲ್ಲಿ ಎಂಟುನೂರು ಎಕರೆಗೂ ಮಿಕ್ಕಿ ತೋಟಕ್ಕೆ ಸಾಕು. ಒಡೆಯುವ ನೀರೋ, ವರುಷಕ್ಕೆ 2 ಲಕ್ಷ 40 ಸಾವಿರ ಲೀಟರು: ಒಂದೇ ಎಕರೆಯ ಮೇಲೆ ಎರಡೂಕಾಲು ಅಂಗುಲಕ್ಕೆ ತುಸು ಮಿಗಿಲಾಗಿ ನಿಲ್ಲುವಷ್ಟು! ಶೋಧಿಸುವಲ್ಲಿ, ತಣಿಸುವಲ್ಲಿ ಪೋಲಾಗುವುದನ್ನು ಸೇರಿಸಿ ಇಮ್ಮಡಿಯೋ ಮುಮ್ಮಡಿಯೋ ಎಂದರೂ ನನ್ನ ವಾದ ನಿಲ್ಲಲಿಲ್ಲ. ಸೋತೆನೆಂದು ಒಪ್ಪಿಕೊಂಡೆನು.

ಆದರೆ ಬಿಸಿಲು ಪುಕ್ಕಟೆಯಾದುದರಿಂದ ಗೊಬ್ಬರವೂ ಪುಕ್ಕಟೆಯಾದೀತೆಂಬ ಮಾತನ್ನು ನಾನು ಒಪ್ಪಲಾರೆ. ನೀರೊಡೆಯುವ ಯಂತ್ರ ದುಬಾರಿ. ಕಾದ ಕುಲುಮೆಯನ್ನು ಪ್ರತಿ ಸಂಜೆ ಆರಿಸಿ ಮುಂಜಾನೆ ಹೊತ್ತಿಸಲು ಇದು ಕಲಾಯಿಯವನ ಒಲೆಯಲ್ಲ. ಇರುಳಿಗಾಗಿ ಜಲಜನಕವನ್ನೋ ವಿದ್ಯುತ್ತನ್ನೋ ಕೂಡಿಡಬೇಕು. ಅಮೋನಿಯವನ್ನು ಯೂರಿಯಾ ಮಾಡಲು ಅಂಗಾರಾಮ್ಲವೂ ಬೇಕು. ಎಲ್ಲಕ್ಕಿಂತ ಮಿಗಿಲಾಗಿ, ನೆಲ ಯಾರದು? ಗೌರಿಬಿದನೂರಿನ ವಾಯವ್ಯಕ್ಕಿರುವ ಪಾವಗಡದಲ್ಲಿ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟಿನ ಸೌರವನ ಎದ್ದಿತು. ರೈತರ ಭೂಮಿಯನ್ನು ಕೊಳ್ಳದೆ ಗೇಣಿಗೆ ಪಡೆದುದು ಮೆಚ್ಚತಕ್ಕ ಕ್ರಮವೇ. ಆದರೆ ಗೇಣಿ ಬಂದುದು ಪಹಣಿಯಲ್ಲಿ ಹೆಸರಿದ್ದವನಿಗೆ; ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದವಳಿಗೆ ಫಲಕದ ನೆರಳಿನಿಂದ ಏನು ಬಂತು? ನಮ್ಮಲ್ಲಿ ಇಂಥದು ಬರುವುದಾದರೆ ತಾಲ್ಲೂಕಿನ ರೈತರ ಸಹಕಾರ ಸಂಘದ ಒಡೆತನದಲ್ಲಿ, ಚಿಕ್ಕ ಪ್ರಮಾಣದಲ್ಲಿ, ಬಂಜರು ನೆಲದಲ್ಲಿ ಬರಲಿ ಎಂಬುದು ನನ್ನ ಅಭಿಮತ. ಚಿಕ್ಕ ಕಾರ್ಖಾನೆಯಲ್ಲಿ ಟನ್ನಿನ ಬೆಲೆ ಏರುವುದೆಂದು ಮಿತ್ರರು ಎಚ್ಚರಿಸಿದ್ದಾರೆ. ಏರಲಿ, ಸಕಾಲಕ್ಕೆ ಸಿಗದ ಅಗ್ಗದ ಗೊಬ್ಬರಕ್ಕೂ ಬೆಲೆಯುಂಟು.

ಇನ್ನು ವೈರಾಣುವಿನ ಮಾತು. ನಾಲ್ಕನೆಯ ಜ್ವರ ಕಳೆದು ಹಣ್ಣಾಗಲಿರುವ ರೇಷ್ಮೆಹುಳು ಒಂದು ಬೆಳಗ್ಗೆ ಊದಿಕೊಂಡು, ಮೈ ಮಿರುಗಿ, ಚರ್ಮ ಒಡೆದು ಹಾಲಿನಂಥ ರಸ ಸುರಿಸಿ ಸಾಯುವುದನ್ನು ಶಿಡ್ಲಘಟ್ಟದ ಮಕ್ಕಳು ಕಂಡಿದ್ದಾರೆ. ಹಾಲುತೊಂಡೆ ಹೊಕ್ಕ ಹುಳುಮನೆಯಲ್ಲಿ ತಿಂಗಳ ದುಡಿಮೆ ತಿಪ್ಪೆಗೆ ಹೋಗುತ್ತದೆ. ಆ ಹಾಲಿನಲ್ಲಿ ತುಂಬಿರುವುದೇ ವೈರಾಣು. ವಿಚಿತ್ರವನ್ನು ನೋಡಿ: ಇದೇ ವೈರಾಣುವನ್ನು ಬೇರ್ಪಡಿಸಿ, ಮಾರ್ಪಡಿಸಿ, ರೇಷ್ಮೆಹುಳುವಿನ ಮೈಯಲ್ಲಿಯೇ ಇಂಟರ್‌ಫೆರಾನ್ ಎಂಬ ಔಷಧದ್ರವ್ಯವನ್ನು ಬೆಳೆಸಬಹುದೆಂದು ಜಪಾನಿನ ಸುಸುಮು ಮಾಯೆದಾ ಮತ್ತು ಸಂಗಡಿಗರು 1985ರಲ್ಲಿ ತೋರಿಸಿದರು. ನಾವು ಸುಣ್ಣ ಹಾಕಿ ಹೂಳುವ ಹುಳು ಅಲ್ಲಿ ಔಷಧದ ಪಾತ್ರೆಯಾಯಿತು.

ಇಂಥ ಕಾರ್ಯಕ್ಕೂ ಲಸಿಕೆಗೂ ವೈರಾಣುವನ್ನು ಕಶ್ಮಲದಿಂದ ಬೇರ್ಪಡಿಸಬೇಕು. ಕಾಲುಬಾಯಿ ಜ್ವರದ ವೈರಾಣು ಎರಡು ಸಾವಿರಕ್ಕೂ ಮಿಕ್ಕಿ ಸಾಲಾಗಿ ನಿಂತರೆ ಒಂದು ಕೂದಲಿನ ಅಗಲ. ಕಾವಿಗೂ ಹುಳಿಗೂ ಅದು ಒಡೆದುಹೋಗುತ್ತದೆ. ಒಡೆದರೆ ಲಸಿಕೆಯ ಸತ್ತ್ವವೇ ಹೋಯಿತು. ಆದುದರಿಂದ ರಭಸದಿಂದ ತಿರುಗಿಸಿ, ಸೂಕ್ಷ್ಮ ಪೊರೆಗಳಲ್ಲಿ ಸೋಸಿ, ಇಲ್ಲವೆ ಒಂದಕ್ಕೊಂದು ಬೆರೆಯದ ಎರಡು ದ್ರಾವಣಗಳ ನಡುವೆ ಬಿಟ್ಟು, ಮಜ್ಜಿಗೆಯಿಂದ ಬೆಣ್ಣೆಯೆತ್ತುವ ನಾಜೂಕಿನಿಂದ ತೆಗೆಯಬೇಕು. ಲಸಿಕೆ ಶುದ್ಧವಾಗಿದ್ದರೆ, ರಕ್ತ ಪರೀಕ್ಷಿಸಿ, ರೋಗ ಬಂದ ಹಸು ಯಾವುದು, ಲಸಿಕೆ ಪಡೆದ ಹಸು ಯಾವುದು ಎಂದು ಬೇರೆ ಬೇರೆಯಾಗಿ ತಿಳಿಯಬಹುದು. ರೋಗವನ್ನು ನಾಡಿನಿಂದಲೇ ಓಡಿಸಬೇಕೆಂದರೆ ಈ ವಿವೇಚನೆ ಅತ್ಯಗತ್ಯ. 2013ರಲ್ಲಿ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಈ ರೋಗ ಹಬ್ಬಿ ಕೊಟ್ಟಿಗೆಗಳು ಬರಿದಾದುದನ್ನು ನೆನೆದರೆ ಇದು ಪ್ರಯೋಗಶಾಲೆಯ ವಿನೋದವಲ್ಲವೆಂದು ತಿಳಿದೀತು.

ಗೌರಿಬಿದನೂರು ಭೂಕಂಪವನ್ನು ಅಳೆಯುವವರಿಗೂ ಆಕಾಶದ ರೇಡಿಯೋ ತರಂಗಗಳನ್ನು ಆಲಿಸುವವರಿಗೂ ದಶಕಗಳ ಹಿಂದೆಯೇ ನೆಲ ಕೊಟ್ಟಿತು. ಹತ್ತಿರದ ಹೊಸೂರಿನ ಎಚ್. ನರಸಿಂಹಯ್ಯನವರು ಪ್ರಶ್ನೆ ಕೇಳುವುದನ್ನು ಒಂದು ತಲೆಮಾರಿಗೇ ಕಲಿಸಿದರು. ಚಿಂತಾಮಣಿಯಲ್ಲಿ ರೇಷ್ಮೆಯ ಶಿಕ್ಷಣಕ್ಕೆಂದೇ ಮಹಾವಿದ್ಯಾಲಯ ಸ್ಥಾಪನೆಯಾಯಿತು. ಇಷ್ಟಿದ್ದೂ ನಮ್ಮ ಮಕ್ಕಳಿಗೆ ಈ ವಿಷಯಗಳು ಇಂಗ್ಲಿಷಿನ ಬೇಲಿಯಾಚೆಯಿಂದಲೇ ಕಾಣುತ್ತಿವೆ. ಬೇಲಿಗೆ ಪಂಡಿತರೂ ಮುಳ್ಳು ಸೇರಿಸಿದ್ದೇವೆ: ಕಠಿನ ಸಂಸ್ಕೃತ ಪದಗಳನ್ನು ಟಂಕಿಸಿ, ಹುಳುಮನೆಯ ಮಾತುಗಳನ್ನು ಗ್ರಾಮ್ಯವೆಂದು ತಳ್ಳಿದೆವು. ಕಳೆದ ವರುಷ ಒಂಬತ್ತನೆಯ ತರಗತಿಯ ಹುಡುಗನೊಬ್ಬನು ತನ್ನ ಪ್ರಬಂಧದಲ್ಲಿ ‘ವೈರಾಣು’ ಎನ್ನದೆ ‘ಹಾಲುತೊಂಡೆಯ ಬೀಜ’ ಎಂದು ಬರೆದಿದ್ದನು. ನಾನು ಕೆಂಪು ಮಸಿಯಲ್ಲಿ ಹೊಡೆದುಹಾಕಿದ್ದೆನು. ಆ ಪುಸ್ತಕವನ್ನು ಮೊನ್ನೆ ಮರಳಿ ಪಡೆದು, ಹೊಡೆದ ಗೆರೆಯ ಪಕ್ಕದಲ್ಲಿ ‘ಇದೂ ಸರಿ’ ಎಂದು ಬರೆದು ರುಜು ಹಾಕಿದ್ದೇನೆ.